ಮನ್ನಾ ಅಲ್ಲ, ಬಾಕಿ ಸಂಬಳ

ಅಮೆರಿಕದಲ್ಲಿ ಕಾನೂನು ಓದಿ, ದೊಡ್ಡ ಫರ್ಮುಗಳ ಕಡೆ ಮುಖ ಮಾಡದೆ, ಬಡವರ ಕೇಸು ನಡೆಸುವ ಕೆಲಸಕ್ಕೆ ಸೇರಿದವರ ಶಿಕ್ಷಣ ಸಾಲಕ್ಕೆ ಹೆಗಲು ಕೊಡುವ ಏರ್ಪಾಡೊಂದಿದೆ. ಸರ್ಕಾರದಲ್ಲೋ ಲಾಭದ ಉದ್ದೇಶವಿಲ್ಲದ ಸಂಸ್ಥೆಯಲ್ಲೋ ದುಡಿಯುತ್ತ, ವರಮಾನಕ್ಕೆ ತಕ್ಕ ಕಂತನ್ನು 120 ತಿಂಗಳು ಕಟ್ಟಿದರೆ ಕೇಂದ್ರ ಸರ್ಕಾರದಿಂದ ಪಡೆದ ಸಾಲದಲ್ಲಿ ಉಳಿದದ್ದು ಮನ್ನಾ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ 2007ರಲ್ಲಿ ಸಹಿ ಹಾಕಿದ ಕಾಯ್ದೆಯ ಫಲ ಇದು. ಮೇಷ್ಟ್ರು, ನರ್ಸು, ಅಗ್ನಿಶಾಮಕ ದಳದವರು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಆದರೆ ಟೀಕೆ ಶುರುವಾದಾಗಲೆಲ್ಲ ಕಲ್ಲು ಮೊದಲು ಬೀಳುವುದು ವಕೀಲರ ಮೇಲೆ. ಅವರ ಸಾಲ ದೊಡ್ಡದು, ಅವರ ಬಗ್ಗೆ ಜನರಿಗಿರುವ ಅನುಮಾನ ಇನ್ನೂ ದೊಡ್ಡದು.

ಟೀಕಾಕಾರರ ವಾದವನ್ನು ಅವರ ಮಾತಿನಲ್ಲೇ ಇಡೋಣ. ಸಾಲ ಮಾಡಿದವರೇ ತೀರಿಸಲಿ, ಮಾಡಿದ್ದುಣ್ಣೋ ಮಹಾರಾಯ. ಕಾಲೇಜು ಮೆಟ್ಟಿಲು ಹತ್ತದ ಲಾರಿ ಡ್ರೈವರ್ ಕಟ್ಟುವ ತೆರಿಗೆಯಲ್ಲಿ ನಾಳೆ ಕೋಟು ತೊಡುವವನ ಸಾಲ ತೀರಿಸುವುದು ಯಾವ ನ್ಯಾಯ? ಎರಡನೆಯದು: ಸರ್ಕಾರ ತೀರಿಸುತ್ತದೆ ಎಂದು ಗೊತ್ತಾದರೆ ಕಾಲೇಜುಗಳು ಶುಲ್ಕ ಏರಿಸುತ್ತಲೇ ಹೋಗುತ್ತವೆ. ಮೂರನೆಯದನ್ನು ಮೆಲ್ಲಗೆ ಹೇಳುತ್ತಾರೆ, ಆದರೆ ಬಹಳ ಜನ ನಂಬುತ್ತಾರೆ: ಸೇವೆಗೆಂದು ಬಂದವರಿಗೆ ದುಡ್ಡಿನ ಲೆಕ್ಕ ಯಾಕೆ? ಈ ಮೂರೂ ಮಾತು ನಮ್ಮಲ್ಲೂ ಕೇಳಿಬರುತ್ತವೆ. ನಮ್ಮ ಟಿವಿ ಚರ್ಚೆಗಳಲ್ಲಿ ಅದಕ್ಕೆ 'ಬಿಟ್ಟಿ ಭಾಗ್ಯ' ಎಂಬ ಸಿದ್ಧ ಹೆಸರೂ ಇದೆ. ಮೂರೂ ತಪ್ಪು ಎಂಬುದು ನನ್ನ ವಾದ. ಎರಡನೆಯದರಲ್ಲಿ ಮಾತ್ರ ಅರ್ಧ ನಿಜವಿದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಮೊದಲು, ಇಲ್ಲಿ ನಿಜವಾದ ಸಾಲಗಾರ ಯಾರು ಎಂಬ ಪ್ರಶ್ನೆ. ಫ್ಲೋರಿಡಾದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಕಳ್ಳತನದ ಆರೋಪ ಬಂದಾಗ ಅವನು ನ್ಯಾಯಾಲಯದಲ್ಲಿ ವಕೀಲರನ್ನು ಕೇಳಿದ. ಸಿಗಲಿಲ್ಲ. ತನ್ನ ವಾದ ತಾನೇ ಮಾಡಿ ಸೋತು ಜೈಲು ಸೇರಿದ. ಅಲ್ಲಿಂದ ಪೆನ್ಸಿಲ್‌ನಲ್ಲಿ ಬರೆದ ಅರ್ಜಿ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 1963ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ವಕೀಲರನ್ನು ಒದಗಿಸುವುದು ರಾಜ್ಯದ ಹೊಣೆ. ಮರುವಿಚಾರಣೆಯಲ್ಲಿ ವಕೀಲರು ಜೊತೆಗಿದ್ದರು. ಗಿಡಿಯನ್ ಬಿಡುಗಡೆಯಾದ.

ಅಂದರೆ ವಕೀಲರನ್ನು ಕೊಡಬೇಕಾದದ್ದು ಸರ್ಕಾರ. ಅದು ದಾನವಲ್ಲ, ಸಂವಿಧಾನ ಹೊರಿಸಿದ ಹೊಣೆ. ಆ ಹೊಣೆ ಹೊರಲು ಬೇಕಾದ ವಕೀಲರನ್ನು ಸರ್ಕಾರ ತಾನೇ ತಯಾರಿಸುವುದಿಲ್ಲ. ತಯಾರಾಗುವ ಖರ್ಚನ್ನು ಇಪ್ಪತ್ತೆರಡರ ಹುಡುಗ ಹುಡುಗಿಯರು ಬಡ್ಡಿ ಸಾಲವಾಗಿ ಹೊರುತ್ತಾರೆ. ಪಬ್ಲಿಕ್ ಡಿಫೆಂಡರ್ ಎಂದು ಕರೆಸಿಕೊಳ್ಳುವ ಬಡವರ ವಕೀಲರಿಗೆ ಕೆಲಸದ ಆರಂಭದಲ್ಲಿ ವರ್ಷಕ್ಕೆ ಸುಮಾರು ಅರವತ್ತರಿಂದ ಎಪ್ಪತ್ತು ಸಾವಿರ ಡಾಲರ್ ಸಂಬಳ. ಅದೇ ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದವರು ನ್ಯೂಯಾರ್ಕಿನ ದೊಡ್ಡ ಫರ್ಮು ಸೇರಿದರೆ ಮೊದಲ ವರ್ಷವೇ 2,25,000 ಡಾಲರ್. ಒಂದೇ ಪದವಿ, ಒಂದೇ ಸಾಲ, ಸಂಬಳದಲ್ಲಿ ಮೂರು ಪಟ್ಟಿಗೂ ಹೆಚ್ಚು ಅಂತರ.

ಲೆಕ್ಕವನ್ನು ಕೈಯಾರೆ ಹಾಕಿ ನೋಡಿ. ಒಂದೂವರೆ ಲಕ್ಷ ಡಾಲರ್ ಸಾಲ, ಶೇ 7ರ ಬಡ್ಡಿ. ಈಚಿನ ವರ್ಷಗಳಲ್ಲಿ ಸ್ನಾತಕೋತ್ತರ ಸಾಲದ ಬಡ್ಡಿ ಶೇ 8 ಮುಟ್ಟಿದೆ, ಆದರೂ ಕಡಿಮೆಯೇ ಹಿಡಿಯೋಣ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು 1,740 ಡಾಲರ್ ದಾಟುತ್ತದೆ. ವರ್ಷಕ್ಕೆ 65 ಸಾವಿರ ಸಂಬಳದವರಿಗೆ ತೆರಿಗೆ ಕಳೆದು ಕೈಗೆ ಬರುವುದರಲ್ಲಿ ಹತ್ತಿರ ಹತ್ತಿರ ಐದನೇ ಎರಡು ಭಾಗ ಅಲ್ಲೇ ಹೋಯಿತು. ಅದು ಆಗದ ಮಾತೆಂದು ವರಮಾನಕ್ಕೆ ತಕ್ಕ ಕಂತಿನ ದಾರಿ ಹಿಡಿದರೆ ತಿಂಗಳಿಗೆ ಸುಮಾರು 350 ಡಾಲರ್ ಕಟ್ಟಬೇಕು. ಆದರೆ ಅದೇ ತಿಂಗಳಲ್ಲಿ ಬೆಳೆಯುವ ಬಡ್ಡಿ 875 ಡಾಲರ್. ಕಟ್ಟಿದ್ದು ಬಡ್ಡಿಯ ಅರ್ಧಕ್ಕೂ ಸಾಲದು. ಒಂದು ತಿಂಗಳೂ ತಪ್ಪಿಸದೆ ಹತ್ತು ವರ್ಷ ಕಟ್ಟಿ, ನಲವತ್ತು ಸಾವಿರ ಡಾಲರಿಗೂ ಹೆಚ್ಚು ಸಂದಾಯ ಮಾಡಿದ ಮೇಲೆ, ಕೊಡಬೇಕಾದ ಮೊತ್ತ ಮೊದಲಿಗಿಂತ ಅರವತ್ತು ಸಾವಿರ ಡಾಲರಿನಷ್ಟು ಹೆಚ್ಚಾಗಿರುತ್ತದೆ. 'ಸಾಲ ಮಾಡಿದವರೇ ತೀರಿಸಲಿ' ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಈ ಸಂಬಳದಲ್ಲಿ ಈ ಸಾಲ ತೀರುವುದೇ ಇಲ್ಲ. ತೀರಿಸಬೇಕೆಂದರೆ ಕೆಲಸ ಬಿಡಬೇಕು, ಅಷ್ಟೆ.

ಬಿಟ್ಟರೆ ಏನಾಗುತ್ತದೆ? ಜಾಮೀನಿಗೆ ದುಡ್ಡಿಲ್ಲದೆ ಒಳಗಿರುವ ಒಬ್ಬ ಆರೋಪಿಯ ಜಾಗದಲ್ಲಿ ನಿಂತು ನೋಡಿ. ಮೊದಲ ವಕೀಲೆ ಫೈಲು ಓದಿ, ಅಂಗಡಿಯ ಸಿಸಿಟಿವಿ ದೃಶ್ಯ ತರಿಸಲು ಅರ್ಜಿ ಬರೆಯುವಷ್ಟರಲ್ಲಿ ಬೇರೆ ಕೆಲಸಕ್ಕೆ ಹೋದರು. ಎರಡನೆಯವರು ಬಂದು ಮೊದಲಿನಿಂದ ಓದಿದರು. ಅಷ್ಟರಲ್ಲಿ ಆ ದೃಶ್ಯದ ಮೇಲೆ ಹೊಸ ದೃಶ್ಯ ಮುದ್ರಣವಾಗಿತ್ತು. ಮೂರನೆಯವರು ಬರುವ ಹೊತ್ತಿಗೆ 'ಆ ಹೊತ್ತಿನಲ್ಲಿ ಇವನು ನನ್ನ ಜೊತೆಗಿದ್ದ' ಎನ್ನಬೇಕಾಗಿದ್ದ ಸಾಕ್ಷಿ ಮನೆ ಖಾಲಿ ಮಾಡಿ ಊರು ಬಿಟ್ಟಿದ್ದ. ಕಾಗದದ ಮೇಲೆ ಇವನಿಗೆ ಮೂವರು ವಕೀಲರು. ನ್ಯಾಯಾಧೀಶರ ಮುಂದೆ ಅವನ ಪರ ಮಾತಾಡಬಲ್ಲ, ಅವನ ಕೇಸು ಬಲ್ಲ ಒಬ್ಬರೂ ಇಲ್ಲ.

ಕೆಲವು ಕಡೆ ಕಾಗದದ ಮೇಲೂ ಇಲ್ಲ. ಆರೆಗಾನ್ ರಾಜ್ಯದಲ್ಲಿ ಬಡ ಆರೋಪಿಗಳಿಗೆ ಕೊಡಲು ವಕೀಲರೇ ಸಿಗದೆ, ಏಳು ದಿನದೊಳಗೆ ವಕೀಲರನ್ನು ಒದಗಿಸದಿದ್ದರೆ ಬಂಧಿತರನ್ನು ಬಿಟ್ಟುಬಿಡಿ ಎಂಬ ಆದೇಶವನ್ನು 2024ರಲ್ಲಿ ಕೇಂದ್ರ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಬೇಕಾಯಿತು. 2025ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬಡವರ ಕೇಸು ಹಿಡಿಯುವ ವಕೀಲರು ಗಂಟೆಗೆ 65 ಡಾಲರ್ ಸಾಲದೆಂದು ಹೊಸ ಕೇಸು ಒಪ್ಪಿಕೊಳ್ಳುವುದನ್ನು ನಿಲ್ಲಿಸಿದರು. ವಕೀಲರಿಲ್ಲದ ಕೇಸುಗಳನ್ನು ನ್ಯಾಯಾಲಯಗಳು ವಜಾ ಮಾಡತೊಡಗಿದವು. ಲಾರಿ ಡ್ರೈವರನ ತೆರಿಗೆಯ ಬಗ್ಗೆ ಕಣ್ಣೀರು ಹಾಕುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ. ಕಳ್ಳತನ ಆದದ್ದು ಆ ಡ್ರೈವರನ ಮನೆಯಲ್ಲೇ ಆಗಿದ್ದರೆ, ಆರೋಪಿಗೆ ವಕೀಲರಿಲ್ಲವೆಂದು ಕೇಸು ಬಿದ್ದುಹೋದರೆ, ನಷ್ಟ ಯಾರದು? ನಾಳೆ ಅವನ ಮಗನನ್ನೇ ಪೊಲೀಸರು ತಪ್ಪಾಗಿ ಹಿಡಿದರೆ, ಅವನು ಯಾರ ಬಾಗಿಲು ತಟ್ಟುತ್ತಾನೆ? ಸಿವಿಲ್ ಕೇಸುಗಳ ಪಾಡು ಇನ್ನೂ ಕೆಟ್ಟದ್ದು. ಕಾನೂನು ನೆರವಿಗೆ ಹಣ ಕೊಡುವ ಅಲ್ಲಿನ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ 2022ರ ವರದಿಯಲ್ಲಿ ಹೇಳಿದ್ದು: ಬಡವರ ದೊಡ್ಡ ಸಿವಿಲ್ ಸಮಸ್ಯೆಗಳಲ್ಲಿ ಶೇ 92ರಷ್ಟಕ್ಕೆ ವಕೀಲರ ನೆರವು ಒಂದೋ ಸಿಗುವುದೇ ಇಲ್ಲ, ಇಲ್ಲವೇ ಸಾಕಷ್ಟು ಸಿಗುವುದಿಲ್ಲ.

'ಹಾಗಾದರೆ ಸಂಬಳವನ್ನೇ ಏರಿಸಿ, ಸಾಲದ ಗೊಡವೆ ಯಾಕೆ' ಎನ್ನುವ ಜಾಣರಿದ್ದಾರೆ. ಏರಿಸಲಿ, ನನ್ನ ಅಡ್ಡಿಯಿಲ್ಲ. ಆದರೆ ಹೀಗೆ ಹೇಳುವವರೇ ಬಜೆಟ್ ದಿನ ಆ ಏರಿಕೆಗೂ ಅಡ್ಡ ಬರುತ್ತಾರೆ. ಖಜಾನೆಯ ದೃಷ್ಟಿಯಿಂದ ನೋಡಿದರೂ ಸಾಲದ ನೆರವೇ ಅಗ್ಗ. ಸಂಬಳ ಏರಿಸಿದರೆ ಸಾಲವೇ ಇಲ್ಲದ ಶ್ರೀಮಂತರ ಮಕ್ಕಳಿಗೂ ಅದು ಸಿಗುತ್ತದೆ, ನಾಳೆಯೇ ಬಿಟ್ಟು ಹೋಗುವವರಿಗೂ ಸಿಗುತ್ತದೆ. ಸಾಲದ ನೆರವು ಸಾಲವಿದ್ದವರಿಗೆ ಮಾತ್ರ, ಅದೂ ಹತ್ತು ವರ್ಷ ನಿಂತು ದುಡಿದವರಿಗೆ ಮಾತ್ರ. ಮೊದಲು ದುಡಿಮೆ, ಆಮೇಲೆ ಕೂಲಿ. ಒಂಬತ್ತನೇ ವರ್ಷ ಬಿಟ್ಟರೆ ಕೈಗೆ ಬಿಡಿಗಾಸೂ ಇಲ್ಲ. ಇಷ್ಟು ಬಿಗಿಯಾದ ಕರಾರನ್ನು ಬಿಟ್ಟಿ ಎಂದು ಕರೆಯುವವರು, 2020ರಲ್ಲಿ ಕೋವಿಡ್ ಹೆಸರಲ್ಲಿ ಅದೇ ಸರ್ಕಾರ ವ್ಯಾಪಾರಿಗಳಿಗೆ ಹಂಚಲು ಶುರುಮಾಡಿದ ಸುಮಾರು 80 ಸಾವಿರ ಕೋಟಿ ಡಾಲರ್ ಸಾಲದಲ್ಲಿ ಬಹುಪಾಲು ಮನ್ನಾ ಆದಾಗ ಇಷ್ಟು ಗಂಟಲು ಹರಿದುಕೊಳ್ಳಲಿಲ್ಲ. ಅದರಲ್ಲಿ ವಕೀಲಿ ಫರ್ಮುಗಳೂ ಪಾಲು ಪಡೆದಿದ್ದವು. ಕಂಪನಿ ಮುಳುಗಿದರೆ ದಿವಾಳಿ ಕಾನೂನು ಕೈಹಿಡಿಯುತ್ತದೆ. ಶಿಕ್ಷಣ ಸಾಲಕ್ಕೆ ಆ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿದೆ.

ಇನ್ನು ಎರಡನೇ ಆಕ್ಷೇಪಕ್ಕೆ ಬರೋಣ. ಇದರಲ್ಲಿ ಹುರುಳಿದೆ. ಹಾರ್ವರ್ಡ್ ಲಾ ಸ್ಕೂಲ್ 1978ರಲ್ಲೇ ಕಡಿಮೆ ಸಂಬಳದ ಪದವೀಧರರ ಕಂತಿಗೆ ತನ್ನ ಹಣದಿಂದ ನೆರವು ಕೊಡಲು ಶುರುಮಾಡಿತು. ಆಮೇಲೆ ಬೇರೆ ಕಾಲೇಜುಗಳೂ ಹಿಂಬಾಲಿಸಿದವು. 2007ರ ಕಾಯ್ದೆ ಬಂದ ಮೇಲೆ ಕೆಲವು ಕಡೆ ಲೆಕ್ಕಾಚಾರ ಬದಲಾಯಿತು. ಪದವೀಧರನ ಸಣ್ಣ ಕಂತನ್ನು ಹತ್ತು ವರ್ಷ ಕಾಲೇಜು ಕಟ್ಟುತ್ತದೆ, ದೊಡ್ಡ ಬಾಕಿಯನ್ನು ಕೇಂದ್ರ ಮನ್ನಾ ಮಾಡುತ್ತದೆ. ವಿದ್ಯಾರ್ಥಿಗೆ ಶುಲ್ಕದ ಬಿಸಿ ತಟ್ಟುವುದಿಲ್ಲ, ಹಾಗಾಗಿ ಶುಲ್ಕ ಇಳಿಸುವ ಒತ್ತಡ ಕಾಲೇಜಿಗೂ ಇಲ್ಲ. ಇದು ಕಾಲೇಜಿನ ಚಾಲಾಕಿ. ಅದಕ್ಕೆ ಕಡಿವಾಣ ಹಾಕಬೇಕಾದದ್ದು ಕಾಲೇಜಿಗೇ: ಸಾಲಕ್ಕೆ ಅರ್ಹವಾಗುವ ಶುಲ್ಕಕ್ಕೆ ಮಿತಿ, ಮನ್ನಾ ಆದ ಮೊತ್ತದಲ್ಲಿ ಕಾಲೇಜಿಗೂ ಒಂದು ಪಾಲು. ಅದನ್ನು ಬಿಟ್ಟು ಬಡವರ ವಕೀಲರ ನೆರವು ಕಿತ್ತುಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಆ ಬರೆ ಈಗ ಬೀಳುತ್ತಿದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಕಾನೂನು ವಿದ್ಯಾರ್ಥಿಗಳಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿನ ಮಿತಿ ಹಾಕಿದೆ. ಖರ್ಚಷ್ಟಕ್ಕೂ ಸಿಗುತ್ತಿದ್ದ ಹಳೆಯ ಕೇಂದ್ರ ಸಾಲ ಅವರಿಗೆ ಇಲ್ಲ. ಮಿತಿ ಬಂದರೆ ಶುಲ್ಕ ತಾನಾಗಿ ಇಳಿಯುತ್ತದೆ ಎಂದು ಬೆಂಬಲಿಗರ ನಂಬಿಕೆ. ಇಳಿದರೆ ಸಂತೋಷ. ಇಳಿಯುವವರೆಗೆ ಏನು? ದೊಡ್ಡ ಲಾ ಸ್ಕೂಲುಗಳ ಶುಲ್ಕವೊಂದೇ ವರ್ಷಕ್ಕೆ ಎಂಬತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿದೆ, ಊಟ ವಸತಿ ಬೇರೆ. ಅಪ್ಪನ ದುಡ್ಡಿರುವವರಿಗೆ ಚಿಂತೆಯಿಲ್ಲ. ಇಲ್ಲದವರು ಉಳಿದ ಮೊತ್ತಕ್ಕೆ ಖಾಸಗಿ ಬ್ಯಾಂಕಿಗೆ ಹೋಗಬೇಕು. ಖಾಸಗಿ ಸಾಲಕ್ಕೆ ಹತ್ತು ವರ್ಷದ ಮನ್ನಾ ಅನ್ವಯಿಸುವುದಿಲ್ಲ. ಅಂದರೆ ಬಡವರ ಮನೆಯಿಂದ ಬಂದವರು ಬಡವರ ವಕೀಲರಾಗುವ ದಾರಿಯೇ ಕಿರಿದಾಯಿತು.

ಮೂರನೆಯದು ತ್ಯಾಗದ ವಾದ. ಸೇವೆ ಮಾಡುವವರು ದುಡ್ಡು ಎಣಿಸಬಾರದು ಎನ್ನುವವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ತ್ಯಾಗ ಮಾಡುವ ಅನುಕೂಲ ಯಾರಿಗಿದೆ? ಊರಲ್ಲಿ ಮನೆ, ಬ್ಯಾಂಕಿನಲ್ಲಿ ಅಪ್ಪನ ಠೇವಣಿ ಇದ್ದವರಿಗೆ ಇದೆ. ಅಣ್ಣ ಲಾಕಪ್ಪಿನಲ್ಲಿ ಕೂತದ್ದನ್ನು, ಅಮ್ಮ ಮನೆ ಖಾಲಿ ಮಾಡುವ ನೋಟಿಸು ಹಿಡಿದು ಅಲೆದದ್ದನ್ನು ಕಂಡು ಕಾನೂನು ಓದಲು ಬಂದ ಹುಡುಗಿಗೆ ಇಲ್ಲ. ತಿಂಗಳ ಮೊದಲ ವಾರ ಕಂತು ಕಟ್ಟಿ ಮನೆಗೂ ಹಣ ಕಳಿಸಬೇಕಾದವಳು ಅವಳು. ತ್ಯಾಗವನ್ನು ಅರ್ಹತೆಯ ಗೆರೆ ಮಾಡಿದರೆ ಬಡವರ ಬಾಳು ಹತ್ತಿರದಿಂದ ಬಲ್ಲವರು ಹೊರಗೆ ಉಳಿಯುತ್ತಾರೆ, ದೂರದಿಂದ ಕನಿಕರಪಡುವವರು ಒಳಗೆ ಬರುತ್ತಾರೆ. ಪೊಲೀಸ್ ಕಮಿಷನರಿಗೋ ಸೇನಾಧಿಕಾರಿಗೋ 'ಸೇವೆಯಲ್ಲವೇ, ಸಂಬಳ ಯಾಕೆ' ಎಂದು ಯಾರೂ ಕೇಳುವುದಿಲ್ಲ. ಬಡವರ ಪರ ನಿಲ್ಲುವವರನ್ನು ಮಾತ್ರ ಕೇಳುತ್ತಾರೆ.

ಹಾಗೆಂದು ಅಮೆರಿಕದ ಯೋಜನೆ ಚೆನ್ನಾಗಿ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಅದರ ನಿಜವಾದ ಹಗರಣವಿರುವುದು ಕೊಟ್ಟದ್ದರಲ್ಲಲ್ಲ, ಕೊಡದೆ ಸತಾಯಿಸಿದ್ದರಲ್ಲಿ. ಹತ್ತು ವರ್ಷ ತುಂಬಿದ ಮೊದಲಿಗರು 2017ರ ಅಕ್ಟೋಬರಿನಿಂದ ಅರ್ಜಿ ಹಾಕಿದರು. 2018ರ ಜೂನ್ ಕೊನೆಯ ಹೊತ್ತಿಗೆ ಸುಮಾರು 28 ಸಾವಿರ ಮಂದಿ ಅರ್ಜಿದಾರರಲ್ಲಿ ಮನ್ನಾ ಸಿಕ್ಕವರು 96 ಮಂದಿ. ಸಾಲದ ಬಗೆ ಬೇರೆ, ಕಂತಿನ ಬಗೆ ಬೇರೆ, ಫಾರಂ ತಪ್ಪು ಎಂದು ಉಳಿದವರನ್ನು ಹಿಂದಕ್ಕೆ ಕಳಿಸಿದರು. ನಿಮ್ಮ ಕೆಲಸ ಅರ್ಹವೆಂದು ಮೊದಲು ಪತ್ರ ಕೊಟ್ಟು, ವರ್ಷಗಳ ಮೇಲೆ ಅಲ್ಲವೆಂದು ಶಿಕ್ಷಣ ಇಲಾಖೆ ತಿರುಗಿಬಿದ್ದಾಗ ಅಮೆರಿಕದ ವಕೀಲರ ಸಂಘ ಕೋರ್ಟಿಗೆ ಹೋಯಿತು. 2019ರಲ್ಲಿ ನ್ಯಾಯಾಲಯ ದೂರಿದವರಲ್ಲಿ ಹೆಚ್ಚಿನವರ ಪರ ತೀರ್ಪು ಕೊಟ್ಟಿತು. ನಿಯಮ ಸಡಿಲಿಸಿ, ತಪ್ಪು ತಿದ್ದಿದ ಮೇಲೆ 2024ರ ಅಕ್ಟೋಬರ್ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಮನ್ನಾ ಸಿಕ್ಕಿತ್ತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಹೊಸ ಕಂಟಕ. ಮಾಲೀಕ ಸಂಸ್ಥೆಗೆ 'ಗಣನೀಯ ಕಾನೂನುಬಾಹಿರ ಉದ್ದೇಶ' ಇದೆ ಎಂದು ನಮ್ಮ ಮಂತ್ರಿಗೆ ಸಮನಾದ ಶಿಕ್ಷಣ ಕಾರ್ಯದರ್ಶಿ ತೀರ್ಮಾನಿಸಿದರೆ ಅಲ್ಲಿನ ನೌಕರರಿಗೆ ಮನ್ನಾ ಇಲ್ಲ ಎಂಬ ನಿಯಮವನ್ನು ಟ್ರಂಪ್ ಸರ್ಕಾರ 2025ರ ಅಕ್ಟೋಬರಿನಲ್ಲಿ ಹೊರಡಿಸಿತು. ಜಾರಿಯ ದಿನ 2026ರ ಜುಲೈ 1. ಹಲವು ರಾಜ್ಯಗಳೂ ನಗರಗಳೂ ಅದರ ವಿರುದ್ಧ ಕೋರ್ಟಿಗೆ ಹೋದವು. ಉದಾಹರಣೆಗೆ, ವಲಸಿಗರ ಪರ ವಾದಿಸುವ ವಕೀಲರ ದಿನದ ಕೆಲಸವೇ ಸರ್ಕಾರದ ಎದುರು ನಿಲ್ಲುವುದು; ಅವರ ಮನ್ನಾ ಈಗ ಅದೇ ಸರ್ಕಾರದ ತೀರ್ಮಾನಕ್ಕೆ ಬಿಟ್ಟದ್ದು. ಎದುರು ಪಕ್ಷದ ವಕೀಲರ ಮನೆ ಸಾಲದ ಚೀಟಿಯನ್ನು ಯಾವ ಕಕ್ಷಿದಾರನ ಜೇಬಿಗಾದರೂ ಹಾಕುತ್ತಾರೆಯೇ? ಇಲ್ಲಿ ಆಗುತ್ತಿರುವುದು ಅದೇ. ನೆರವೆಂಬುದು ಕಾಯ್ದೆಯ ಹಕ್ಕಾಗಿರಬೇಕು, ಮಂತ್ರಿಯ ಮರ್ಜಿಯಾಗಬಾರದು.

ನಮ್ಮ ಕಡೆಗೆ ಬರೋಣ. ಸಂವಿಧಾನದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುತ್ತದೆ. ಅದು ಬದುಕುವ ಹಕ್ಕಿನ ಭಾಗವೆಂದು 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಎಷ್ಟು ಕಾಲವಾಯಿತು! 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅದೇ ವರ್ಷ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಜಿಲ್ಲೆಗಳಲ್ಲಿ ಪೂರ್ಣಾವಧಿ ಡಿಫೆನ್ಸ್ ಕೌನ್ಸೆಲ್‌ಗಳ ವ್ಯವಸ್ಥೆ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಅವರು ಖಾಸಗಿ ವಕಾಲತ್ತು ಹಾಕುವಂತಿಲ್ಲ, ಕೆಲಸ ಗುತ್ತಿಗೆಯದು, ಕೊಡುವುದು ಗೌರವಧನ.

ಇನ್ನು ಓದಿನ ಖರ್ಚು ನೋಡಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಹುಟ್ಟಿದ್ದು 1986ರ ಕರ್ನಾಟಕದ ಕಾಯ್ದೆಯಿಂದ. ಅದನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಅವರ ಹಂಬಲ ಸಮಾಜದ ಕಡೆ ಮುಖ ಮಾಡಿದ ವಕೀಲರನ್ನು ಬೆಳೆಸುವುದಾಗಿತ್ತು. ಇಂದು ಇಂಥ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಖರ್ಚು ಲಕ್ಷಗಳಲ್ಲಿ. ಐದು ವರ್ಷಕ್ಕೆ ಹದಿನೈದು ಲಕ್ಷ ಸಾಲ ಮಾಡಿದವಳೊಬ್ಬಳು ಜಿಲ್ಲಾ ಕಾನೂನು ನೆರವಿನಲ್ಲಿ ತಿಂಗಳಿಗೆ ಮೂವತ್ತು ಸಾವಿರಕ್ಕೆ ಸೇರಿದಳು ಎನ್ನಿ. ಶೇ 10ರ ಬಡ್ಡಿ, ಹದಿನೈದು ವರ್ಷದ ಅವಧಿಯಾದರೂ ಕಂತು ಹದಿನಾರು ಸಾವಿರ ದಾಟುತ್ತದೆ. ಉಳಿದ ಹದಿನಾಲ್ಕು ಸಾವಿರದಲ್ಲಿ ಬಾಡಿಗೆ ಕಟ್ಟಿ ಊಟ ಮಾಡಿ ಬಡವರ ಪರ ವಾದಿಸು ಎನ್ನುವುದು ಅಪಹಾಸ್ಯ.

ಇದಕ್ಕಿಂತ ದೊಡ್ಡ ಅಪಹಾಸ್ಯ ನಮ್ಮ ತೆರಿಗೆ ಕಾನೂನಿನದು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡರೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಪೂರ್ತಿ ವಿನಾಯಿತಿ ಇದೆ, ಮೊತ್ತಕ್ಕೆ ಮಿತಿಯೇ ಇಲ್ಲ. ಅದೇ ಹದಿನೈದು ಲಕ್ಷ ಸಾಲ ಹೊತ್ತು ಮುಂಬಯಿಯ ಕಾರ್ಪೊರೇಟ್ ಫರ್ಮು ಸೇರಿ ಶೇ 30ರ ತೆರಿಗೆ ಹಂತಕ್ಕೆ ಬಂದವನು ಮೊದಲ ವರ್ಷವೇ ಸುಮಾರು 45 ಸಾವಿರ ರೂಪಾಯಿ ತೆರಿಗೆ ಉಳಿಸಬಹುದು. ಮೂವತ್ತು ಸಾವಿರದವಳಿಗೆ ತೆರಿಗೆಯೇ ಬೀಳುವುದಿಲ್ಲ, ಹಾಗಾಗಿ ನೆರವು ಸೊನ್ನೆ. ಸಾಲ ತೀರಿಸಲು ಸರ್ಕಾರ ನೆರವು ಕೊಡಬಾರದು ಎನ್ನುವವರೇ ಕೇಳಿ: ಸರ್ಕಾರ ಆಗಲೇ ಕೊಟ್ಟಿದೆ, ಬೇಡದವರಿಗೆ ಕೊಟ್ಟಿದೆ.

ವೈದ್ಯರಿಗೆ ಕಡ್ಡಾಯ ಸೇವೆ ವಿಧಿಸುವ 2012ರ ಕಾಯ್ದೆಯನ್ನು ಕರ್ನಾಟಕ ತಂದಿತ್ತು. ಬಡವರಿಗೆ ವೈದ್ಯರು ಬೇಕೆಂದು ಒಪ್ಪಿದ ಸರ್ಕಾರ ವಕೀಲರೂ ಬೇಕೆಂದು ಒಪ್ಪಬಹುದಲ್ಲವೇ? ಇಲ್ಲಿ ಬಲವಂತ ಬೇಡ, ಬರುವವರನ್ನು ನಿಲ್ಲಿಸಿಕೊಂಡರೆ ಸಾಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪೂರ್ಣಾವಧಿ ದುಡಿಯುವವರ ಶಿಕ್ಷಣ ಸಾಲದ ಬಡ್ಡಿಯನ್ನು ರಾಜ್ಯ ಸರ್ಕಾರ ತಿಂಗಳು ತಿಂಗಳು ಕಟ್ಟಲಿ. ಐದು ವರ್ಷ ನಿಂತವರ ಅಸಲಿನ ಒಂದು ಪಾಲನ್ನು ತೀರಿಸಲಿ. ಲಕ್ಷಗಳಲ್ಲಿ ಶುಲ್ಕ ಪಡೆಯುವ ಕಾನೂನು ವಿಶ್ವವಿದ್ಯಾಲಯಗಳು ಆ ನಿಧಿಗೆ ಕೈಜೋಡಿಸಲಿ. ಅರ್ಹತೆ ಏನೆಂದು ಮೊದಲ ದಿನವೇ ಲಿಖಿತವಾಗಿ ಹೇಳಲಿ, ಅಮೆರಿಕದಂತೆ ಹತ್ತು ವರ್ಷದ ಮೇಲೆ ಫಾರಂ ತಪ್ಪು ಎನ್ನುವುದು ಬೇಡ. ಬಡವರಿಗೆ ವಕೀಲರನ್ನು ಕೊಡುತ್ತೇವೆಂದು ಮಾತು ಕೊಟ್ಟದ್ದು ಸರ್ಕಾರ. ಆ ಮಾತಿನ ಖರ್ಚನ್ನು ಇಪ್ಪತ್ತೈದರ ಹುಡುಗಿಯ ಕಂತಿನ ಪುಸ್ತಕದಲ್ಲಿ ಬರೆದಿಟ್ಟು ಕೈತೊಳೆದುಕೊಳ್ಳುವುದನ್ನು ಮಿತವ್ಯಯ ಎಂದು ಹೊಗಳಬೇಡಿ. ಅದು ಸಂಬಳ ಬಾಕಿ ಇಟ್ಟ ಮಾಲೀಕನ ವರ್ತನೆ. ಬಾಕಿ ತೀರಿಸಲಿ.